ಹೆರಿಗೆಗೆ ಮುಂಚೆ ಮನೆ ಬದಲಾಯಿಸಲೇಬೇಕಾ?

ಒಂದೇ ರೂಮಿನ ಮನೆ, ಹೆಂಡತಿಗೆ ಈಗ ಏಳನೇ ತಿಂಗಳು, ಹೆರಿಗೆಗೆ ಮುಂಚೆಯೇ ದೊಡ್ಡ ಮನೆಗೆ ಹೋಗಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಷ್ಟು ಅವಸರ ಬೇಡ. ಕೂಸಿಗೆ ಬೇರೆ ರೂಮು ಅನ್ನುವುದು ದೊಡ್ಡವರ ಆಸೆ, ಅಲ್ವಾ? ಮೊದಲ 6 ತಿಂಗಳಾದರೂ ಅದು ಅಪ್ಪ-ಅಮ್ಮನ ರೂಮಿನಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಅಂತಲೇ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಜಾಗ ನಿಜವಾಗಿ ಸಾಲದೆ ಬರುವುದು ಅಂಬೆಗಾಲಿಡುವಾಗ, ಹೆಚ್ಚುಕಮ್ಮಿ 7ರಿಂದ 10 ತಿಂಗಳಿಗೆ. ಆಗ ನೆಲದ ಮೇಲೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ!

ಹೋಗಲೇಬೇಕು ಅಂದರೆ ಈ ತಿಂಗಳೇ ಮುಗಿಸಿ, ಕೊನೆಯ ವಾರಗಳಿಗೆ ಎಳೆಯಬೇಡಿ. ಭಾರದ ಡಬ್ಬಗಳನ್ನು ಅವರ ಕೈಲಿ ಎತ್ತಿಸಬೇಡಿ. ಹೊಸ ಬಣ್ಣ ಬಳಿದಿದ್ದರೆ ಕಿಟಕಿ ತೆಗೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಕಾಲಿಡಿ.

ಮನೆ ನೋಡುವಾಗ ರೂಮಿಗಿಂತ ಮೊದಲು ಮೆಟ್ಟಿಲು ಎಣಿಸಿ. ಸಿಸೇರಿಯನ್ ಆದರೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಶಿಕ್ಷೆಯೇ ಸರಿ. ಬಾಲ್ಕನಿ ಕಂಬಿಗಳ ಸಂದಿಯಲ್ಲಿ ನಿಮ್ಮ ಮುಷ್ಟಿ ಸಲೀಸಾಗಿ ತೂರಿದರೆ ಅಲ್ಲಿ ಬಲೆ ಕಟ್ಟಿಸಬೇಕಾಗುತ್ತದೆ. ಬಚ್ಚಲಿನ ನೆಲ ಒದ್ದೆಯಾದಾಗ ಜಾರುತ್ತಾ ಅಂತಲೂ ನೋಡಿ. ಬಾಡಿಗೆ ಲೆಕ್ಕ ಹಾಕುವಾಗ ಸುಮ್ನೆ ಎರಡೂ ಸಂಬಳ ಸೇರಿಸಬೇಡಿ, ಒಬ್ಬರದರಲ್ಲೇ ಕಟ್ಟಲು ಆಗುತ್ತಾ ನೋಡಿ.