ಡಾಂಗ್ ಅಗ್ಗ ಅಂದ್ರೆ ಬಡ ದೇಶ ಅಂತಲ್ಲ

ಒಂದು ರೂಪಾಯಿಗೆ ಸುಮಾರು 300 ವಿಯೆಟ್ನಾಂ ಡಾಂಗ್ ಸಿಗುತ್ತೆ, ಹಾಗಾದ್ರೆ ಅವರು ನಮಗಿಂತ ಬಡವರಾ ಅಂತ ಕೇಳಿದ್ದೀರಿ. ಇಲ್ಲ ಸರ್. ತಲಾ ಆದಾಯದಲ್ಲಿ ಅವರೇ ಮುಂದಿದ್ದಾರೆ. ಜಪಾನಿನ ಯೆನ್ ಕೂಡ ರೂಪಾಯಿಗಿಂತ ಅಗ್ಗ, ಅಲ್ವಾ? 1980ರ ದಶಕದಲ್ಲಿ ವಿಯೆಟ್ನಾಮಿನಲ್ಲಿ ಬೆಲೆಗಳು ಮಿತಿಮೀರಿ ಏರಿದವು. ಆಗ ಸೇರಿದ ಸೊನ್ನೆಗಳನ್ನು ಆಮೇಲೆ ಯಾರೂ ತೆಗೆಯಲಿಲ್ಲ, ಅಷ್ಟೇ. ನನ್ನ ತಮ್ಮ ಅಲ್ಲಿಂದ ತಂದ 5 ಲಕ್ಷದ ನೋಟು ನನ್ನ ಹತ್ತಿರ ಇದೆ. ಪ್ಲಾಸ್ಟಿಕ್ ಥರ ನುಣುಪು. ಅಲ್ಲಿನ ಅತಿ ದೊಡ್ಡ ನೋಟು ಅದೇ, ನಮ್ಮ ಲೆಕ್ಕದಲ್ಲಿ 1,700 ರೂಪಾಯಿ ಹತ್ತಿರ.

ದುಡ್ಡಿನ ಬೆಲೆ ನಿಜವಾಗಿ ಕುಸಿಯುವುದು ಬೇರೆ ಥರ. ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ ನೆನೆಸಿಕೊಳ್ಳಿ. ಕಾವಲಿ ಮೇಲೆ ಒಂದು ಸಲಕ್ಕೆ ಹಿಡಿಸುವುದು ಹತ್ತೋ ಹನ್ನೆರಡೋ ದೋಸೆ. ಹೊರಗೆ ಕಾಯುವವರ ಜೇಬಿನ ದುಡ್ಡು ರಾತ್ರೋರಾತ್ರಿ ಹತ್ತು ಪಟ್ಟಾದರೆ ದೋಸೆ ಜಾಸ್ತಿ ಆಗುವುದಿಲ್ಲ, ರೇಟು ಜಾಸ್ತಿ ಆಗುತ್ತದೆ. ಜಿಂಬಾಬ್ವೆಯಲ್ಲಿ ಆಗಿದ್ದು ಇದೇ. ಬೇಸಾಯ ಬಿದ್ದುಹೋಯಿತು, ಸರ್ಕಾರ ಮಾತ್ರ ನೋಟು ಮುದ್ರಿಸುತ್ತಲೇ ಹೋಯಿತು. 2009ರಲ್ಲಿ 100 ಟ್ರಿಲಿಯನ್ ಜಿಂಬಾಬ್ವೆ ಡಾಲರಿನ ನೋಟು ಬಂತು. ಒಂದರ ಮುಂದೆ 14 ಸೊನ್ನೆ! ಅದೇ ವರ್ಷ ಆ ದುಡ್ಡನ್ನೇ ಕೈಬಿಟ್ಟರು.

ಇರಾನಿನ ರಿಯಾಲ್ ಬಿದ್ದಿದ್ದಕ್ಕೆ ಅಮೆರಿಕದ ನಿರ್ಬಂಧವೂ ದೊಡ್ಡ ಕಾರಣ. ತೈಲ ಮಾರುವುದು ಕಷ್ಟವಾದರೆ ಡಾಲರ್ ಎಲ್ಲಿಂದ ಬರಬೇಕು? ನನಗೆ ತುಂಬಾ ಸಂಕಟ ಆಗುವುದು ಲೆಬನಾನ್ ನೋಡಿ. ಡಾಲರಿಗೆ 1,507 ಪೌಂಡ್ ಅಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿದಿಟ್ಟಿದ್ದರು. 2019ರಿಂದ ಅದು ಕುಸಿದು 89,500ರ ಹತ್ತಿರ ಬಂದು ನಿಂತಿತು. ಜನರ ಜೀವಮಾನದ ಉಳಿತಾಯ ಬ್ಯಾಂಕಿನಲ್ಲೇ ಕರಗಿಹೋಯಿತು.

ಡಾಂಗ್ ಕೊಂಡಿಟ್ಟರೆ ಲಾಭವಾ ಅಂತಲೂ ಕೇಳಿದ್ದೀರಲ್ಲ, ಸುಮ್ನೆ ಆ ಆಸೆ ಬೇಡ. ಮುಂದೆ ಅವರು ಸೊನ್ನೆ ತೆಗೆದರೂ ನಿಮ್ಮ ನೋಟಿನ ಸೊನ್ನೆಯೂ ಜೊತೆಗೇ ಹೋಗುತ್ತದೆ.