ಕಿಡ್ನಿ ಕಲ್ಲಿಗೆ ಸಿಟಿ ಸ್ಕ್ಯಾನ್ ಮಾಡಿಸುವಾಗ ರೇಡಿಯೇಶನ್ ಡೋಸ್ ಕಮ್ಮಿ ಮಾಡಿ ಅಂತ ಕೇಳಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ ಕಿಡ್ನಿಯಲ್ಲಿ ಕಲ್ಲು ಉಂಟು. ಕಾಸರಗೋಡಲ್ಲಿ ಸಿಟಿ ಆಯ್ತು, ಈಗ ಮಂಗಳೂರಲ್ಲಿ ಇನ್ನೊಂದು ಮಾಡಿಸಿ ಅಂತಾರೆ. ರೇಡಿಯೇಶನ್ ಕಮ್ಮಿ ಮಾಡಿ ಅಂತ ಕೇಳಿದ್ರೆ ಚಿತ್ರ ಮಸುಕಾಗಿ ಕಲ್ಲೇ ಕಾಣದೆ ಹೋಗ್ತದಾ?
– ಓದುಗರು, ಬದಿಯಡ್ಕ

ಉತ್ತರ: ಧೈರ್ಯವಾಗಿ ಕೇಳಿ ಅಮ್ಮ, ಕಲ್ಲಿನ ವಿಷಯದಲ್ಲಂತೂ ಕೇಳಲೇಬೇಕು. ಡೋಸ್ ಅರ್ಧ ಮಾಡಿದ್ರೆ ಚಿತ್ರದಲ್ಲಿ ಮರಳು ಎರಚಿದ ಹಾಗೆ ಕಾಣುವ ಚುಕ್ಕಿಗಳು, ನಾವು ನಾಯ್ಸ್ ಅಂತೀವಿ, ಸುಮಾರು 1.4 ಪಟ್ಟು ಆಗ್ತವೆ, ಆದ್ರೆ ಕಲ್ಲು ಸುತ್ತಲಿನ ಮಾಂಸಕ್ಕಿಂತ ಎಷ್ಟೋ ಗಟ್ಟಿಯಾದ್ದರಿಂದ ಅಷ್ಟು ಚುಕ್ಕಿಯ ಮಧ್ಯೆಯೂ ಬೆಳ್ಳಗೆ ಎದ್ದು ಕಾಣ್ತದೆ. ಲಿವರಿನೊಳಗೆ ಸಣ್ಣ ಗಡ್ಡೆ ಹುಡುಕೋದಾದ್ರೆ ಹಾಗಲ್ಲ, ಅಲ್ಲಿ ಗಡ್ಡೆ ಲಿವರು ಎರಡೂ ಹೆಚ್ಚುಕಮ್ಮಿ ಒಂದೇ ಬೂದು ಬಣ್ಣ, ಡೋಸ್ ತುಂಬಾ ಇಳಿಸಿದ್ರೆ ಗಡ್ಡೆ ತಪ್ಪಿಯೇ ಹೋಗಬಹುದು.

ಮಾಮೂಲಿ ಹೊಟ್ಟೆಯ ಸಿಟಿಗೆ 8ರಿಂದ 10 ಮಿಲಿಸೀವರ್ಟ್ (ಮೈಗೆ ತಗಲುವ ರೇಡಿಯೇಶನ್ನಿನ ಅಳತೆ) ಆಗ್ತದೆ, ಕಲ್ಲಿಗೆ ಅಂತಲೇ ಮಾಡುವ ಲೋ ಡೋಸ್ ಸಿಟಿ 3ರ ಒಳಗೆ ಮುಗೀತದೆ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಹೇಗೂ ಬರ್ತದೆ, ಅದರ ಜೊತೆ ಹೋಲಿಸಿ ನೋಡಿ. ಟೆಕ್ನಿಷಿಯನ್ ಮಾಡೋದೇನು ಅಂದ್ರೆ ಕೆವಿ, ಅಂದ್ರೆ ಎಕ್ಸ್‌ರೇ ಕೊಳವೆಯ ವೋಲ್ಟೇಜ್, 120ರಿಂದ 100ಕ್ಕೆ ಇಳಿಸ್ತಾರೆ, ಮೈ ತೆಳ್ಳಗಿರುವಲ್ಲಿ ಮಿಷಿನ್ನೇ ಕರೆಂಟ್ ಕಮ್ಮಿ ಮಾಡ್ಕೊಳ್ತದೆ, ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದೇ ಸಲ ತೆಗೆದು ಬಿಡ್ತಾರೆ, ಆಮೇಲೆ ಇಟರೇಟಿವ್ ರೀಕನ್‌ಸ್ಟ್ರಕ್ಷನ್ ಅನ್ನೋ ಸಾಫ್ಟ್‌ವೇರ್ ಚುಕ್ಕಿಗಳನ್ನ ಒರೆಸ್ತದೆ. ಅದನ್ನೂ ಅತಿ ಮಾಡಿದ್ರೆ ಚಿತ್ರ ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗಾಗಿ ಸಣ್ಣ ವಿವರ ಅಳಿಸಿಹೋಗ್ತದೆ. ಯಜಮಾನ್ರು ತುಂಬಾ ದಪ್ಪ ಇದ್ರೆ, ಅಥವಾ 2-3 ಮಿಲಿಮೀಟರಿನ ಕಲ್ಲು ಅಂತ ಅನುಮಾನ ಇದ್ರೆ, ಡೋಸ್ ಸ್ವಲ್ಪ ಏರಿಸ್ಬೇಕಾಗ್ತದೆ, ಆಗ ಹಠ ಮಾಡ್ಬೇಡಿ.

ಅದಕ್ಕಿಂತ ಮೊದಲು ಇನ್ನೊಂದು ಸಿಟಿ ಬೇಕಾ ಅಂತ ಕೇಳಿ. ತಲಪಾಡಿ ಗಡಿ ದಾಟುವ ಮುಂಚೆ ಕಾಸರಗೋಡಿನ ಸಿಡಿ ಬ್ಯಾಗಲ್ಲಿ ಇರ್ಲಿ, ಬರೀ ರಿಪೋರ್ಟ್ ಸಾಲದು, ಎಷ್ಟೋ ಸಲ ಸಿಡಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮತ್ತೆ ಸ್ಕ್ಯಾನ್ ಮಾಡ್ತಾರೆ, ನನಗೆ ಬಹಳ ಬೇಜಾರಾಗುವ ವಿಷಯ ಇದು. ಸಿಡಿಯ ಕೊನೆಯಲ್ಲಿ ಡೋಸ್ ಪೇಜ್ ಇರ್ತದೆ, ಅಲ್ಲಿ ಡಿಎಲ್‌ಪಿ ಅಂತ ಒಂದು ಸಂಖ್ಯೆ, ಇಡೀ ಸ್ಕ್ಯಾನಿಗೆ ಮಿಷಿನ್ ಕೊಟ್ಟ ಒಟ್ಟು ರೇಡಿಯೇಶನ್ನಿನ ಲೆಕ್ಕ ಅದು. ಹೊಟ್ಟೆಯದ್ದಾದ್ರೆ ಅದನ್ನ 0.015ರಿಂದ ಗುಣಿಸಿ, 600 ಇದ್ರೆ 9 ಮಿಲಿಸೀವರ್ಟ್, 200 ಇದ್ರೆ 3. ಕಲ್ಲು ಜಾರಿದೆಯಾ ಅಂತಷ್ಟೇ ನೋಡೋಕೆ ಕೆಲವೊಮ್ಮೆ ಅಲ್ಟ್ರಾಸೌಂಡೋ ಎಕ್ಸ್‌ರೇಯೋ ಸಾಕಾಗ್ತದೆ.

ಪ್ರಶ್ನೆ: ಆರು ವರ್ಷದ ಮಗ ಬಿದ್ದು ತಲೆಗೆ ಏಟಾಗಿದೆ, ಸಿಟಿ ಹೇಳಿದ್ದಾರೆ. ಹೆದರಿಕೆ ಆಗ್ತಿದೆ.
– ಓದುಗರು, ಮಂಜೇಶ್ವರ

ಉತ್ತರ: ಏಟು ನೋಡಿದ ಡಾಕ್ಟ್ರು ಬೇಕು ಅಂದಿದ್ರೆ ತಡ ಮಾಡ್ಬೇಡಿ, ಇವತ್ತೇ ಮಾಡಿಸಿ. ಮಕ್ಕಳ ಸೆಟ್ಟಿಂಗಲ್ಲಿ ಮಾಡ್ತೀರಾ ಅಂತ ಮಾತ್ರ ಕೇಳಿ. ಮಗು ಅಲ್ಲಾಡಿದ್ರೆ ಮತ್ತೆ ತೆಗೀಬೇಕಾಗಿ ಡೋಸ್ ಡಬಲ್ ಆಗ್ತದೆ, ಅದಕ್ಕೆ ಅಪ್ಪ ಸೀಸದ ಏಪ್ರನ್ ಹಾಕ್ಕೊಂಡು ಪಕ್ಕದಲ್ಲಿ ನಿಂತು ಮಾತಾಡ್ಸ್ತಾ ಇರ್ಲಿ, ಬಸುರಿಯರು ಯಾರೂ ಒಳಗೆ ನಿಲ್ಲೋದು ಬೇಡ.