ಸ್ವೀಡನ್ನಿನ ರಾಷ್ಟ್ರಗೀತೆ ನಾವೂ ಕಲಿಯಬೇಕಾ?

ಮಗಳು ಶಾಲೆಯಲ್ಲಿ ಇಲ್ಲಿನ ರಾಷ್ಟ್ರಗೀತೆ ಕಲಿತು ಬಂದಿದ್ದಾಳೆ, ನಮಗೆ ಬಾರದಿದ್ದರೆ ಸ್ಟಾಕ್‌ಹೋಮಿನ ಜನ ಏನಾದರೂ ಅಂದುಕೊಳ್ತಾರಾ ಅಂತ ಕೇಳಿದ್ದೀರಿ. ಯಾರೂ ಏನೂ ಅಂದುಕೊಳ್ಳಲ್ಲ, ಚಿಂತೆ ಬಿಡಿ. ಹಾಗೆ ನೋಡಿದರೆ ‘ಡೂ ಗಾಮ್ಲಾ, ಡೂ ಫ್ರೀಯಾ’ ರಾಷ್ಟ್ರಗೀತೆ ಅಂತ ಹೇಳುವ ಕಾನೂನೇ ಈ ದೇಶದಲ್ಲಿಲ್ಲ. ಪಾರ್ಕಿಂಗಿಗೂ ಕಸಕ್ಕೂ ಇಷ್ಟೊಂದು ನಿಯಮ ಇಟ್ಟುಕೊಂಡವರು ಇದೊಂದನ್ನು ಸುಮ್ನೆ ರೂಢಿಗೆ ಬಿಟ್ಟಿದ್ದಾರೆ!

ಹಾಡು ಹುಟ್ಟಿದ ಕಥೆ ಮಾತ್ರ ತಿಳಿದುಕೊಳ್ಳಿ. ರಿಕಾರ್ಡ್ ಡೀಬೆಕ್ ಅಂತ ಒಬ್ಬರಿದ್ದರು. ಓದಿದ್ದು ಕಾನೂನು, ಹುಚ್ಚು ಹಿಡಿದಿದ್ದು ಜನಪದ ಹಾಡುಗಳದ್ದು. ದನ ಕಾಯುವವರ ಹಾಡು, ಕೊಂಬಿನಲ್ಲಿ ಊದುವ ಧಾಟಿ, ಎಲ್ಲ ಸಂಗ್ರಹಿಸಿದವರು. 1844ರಲ್ಲಿ ಸ್ಟಾಕ್‌ಹೋಮಿನಲ್ಲಿ ಇಂಥ ಹಳ್ಳಿ ಸಂಗೀತದ್ದೇ ಒಂದು ಕಛೇರಿ ಏರ್ಪಡಿಸಿದರು. ವೆಸ್ಟ್‌ಮನ್‌ಲಾಂಡ್ ಕಡೆಯ ಒಂದು ಹಳೆಯ ಧಾಟಿ ಅವರಿಗೆ ಸಿಕ್ಕಿತ್ತು. ಅದಕ್ಕಿದ್ದ ಮೂಲ ಹಾಡು ಕುದುರೆ ಏರಿ ದೊಡ್ಡ ಕಾಡು ದಾಟುವವನದು, ದೇಶಭಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಡೀಬೆಕ್ ಆ ಧಾಟಿಗೆ ಹೊಸ ಸಾಲು ಕೂರಿಸಿ ಕಛೇರಿಯಲ್ಲಿ ಹಾಡಿಸಿದರು. ನಮ್ಮಲ್ಲಿ ಉಲ್ಟಾ ಅಲ್ವಾ, ಕುವೆಂಪು ಕವಿತೆ ಮೊದಲೇ ಇತ್ತು, ನಾಡಗೀತೆಗೆ ಯಾವ ಧಾಟಿ ಅನ್ನೋ ಜಗಳ ವರ್ಷಗಟ್ಟಲೆ ನಡೆದು 2022ರಲ್ಲಿ ಸರ್ಕಾರವೇ ಮೈಸೂರು ಅನಂತಸ್ವಾಮಿಯವರದ್ದು ಅಂತ ಆದೇಶ ಹೊರಡಿಸಬೇಕಾಯಿತು.

ಇನ್ನೊಂದು ತಮಾಷೆ, ಡೀಬೆಕ್ ಬರೆದ ಎರಡು ನುಡಿಗಳಲ್ಲಿ ಸ್ವೀಡನ್ ಹೆಸರೇ ಇಲ್ಲ. ಬೆಟ್ಟ, ಬಿಸಿಲು, ಆಕಾಶ, ಹಸಿರು ಬಯಲು, ಕೊನೆಗೆ ‘ಬದುಕಿದರೂ ಸತ್ತರೂ ನಾರ್ಡೆನ್‌ನಲ್ಲೇ’ ಅನ್ನೋ ಮಾತು. ನಾರ್ಡೆನ್ ಅಂದರೆ ನಾರ್ವೆ, ಡೆನ್ಮಾರ್ಕ್ ಎಲ್ಲ ಸೇರಿದ ಉತ್ತರ ಸೀಮೆ. 1910ರಲ್ಲಿ ಲೂಯಿಸ್ ಅಲೇನ್ ಎಂಬಾಕೆ ಸ್ವೀಡನ್ ಹೆಸರಿರುವಂತೆ ಇನ್ನೆರಡು ನುಡಿ ಸೇರಿಸಿದರು, ಆದರೆ ಜನ ಅವನ್ನು ಹಾಡುವುದು ತೀರಾ ಅಪರೂಪ. ಡೀಬೆಕ್ ಬರೆದ ಆ ಶಾಂತ ಸಾಲುಗಳೇ ನನಗೂ ಇಷ್ಟ, ಹೊರಗಿಂದ ಬಂದವರು ಬಾಯಿಬಿಟ್ಟು ಹಾಡೋಕೆ ಮುಜುಗರ ಆಗಲ್ಲ.

ಜೂನ್ 6ಕ್ಕೆ ಇಲ್ಲಿ ರಾಷ್ಟ್ರೀಯ ದಿನ, 2005ರಿಂದ ರಜೆ ಕೂಡ. ಹೊಸದಾಗಿ ಪೌರತ್ವ ಪಡೆದವರಿಗೆ ಆ ಹೊತ್ತಿಗೆ ನಗರಸಭೆಗಳು ಸಮಾರಂಭ ಮಾಡುತ್ತವೆ, ಅಲ್ಲಿ ಹಾಡುತ್ತಾರೆ. ಐಸ್ ಹಾಕಿ ಪಂದ್ಯದಲ್ಲಂತೂ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಎಲ್ಲರ ಜೊತೆ ಎದ್ದು ನಿಂತರೆ ಸಾಕು. ಕಲಿಯಬೇಕು ಅನಿಸಿದರೆ ಮೊದಲ ನುಡಿ ಮಾತ್ರ ಕಲಿಯಿರಿ, ಹೇಳಿಕೊಡೋಕೆ ಮಗಳೇ ಇದ್ದಾಳಲ್ಲ.